ಕಡಲ ಬದಿಯ ಕಾಲುದಾರಿ: ನಡೆಯುವವರ ಮಾತಿಗೂ ಬೆಲೆ ಸಿಗಲಿ

ಮುಂಬಯಿಯ ಕೋಸ್ಟಲ್ ರೋಡ್‌ನಿಂದ ವಾಹನ ಸವಾರರಿಗೆ ಸಮಯ ಉಳಿದಿರುವುದು ನಿಜ. ಆದರೆ ಬ್ರೀಚ್ ಕ್ಯಾಂಡಿ, ಹಾಜಿ ಅಲಿ, ವರ್ಲಿ ಭಾಗದಲ್ಲಿ ಸಮುದ್ರಕ್ಕೆ ಮಣ್ಣು ತುಂಬಿ ರಸ್ತೆ ಮಾಡಿದ್ದರಿಂದ ದಡವೇ ಮುಂದಕ್ಕೆ ಸರಿದಿದೆ. ಅದರೊಂದಿಗೆ ಕಡಲಂಚಿನ ಕಾಲುದಾರಿಯೂ ರಸ್ತೆಯಾಚೆಗೆ ಹೋಗಿದೆ.

ಪ್ರಿಯದರ್ಶಿನಿ ಪಾರ್ಕ್‌ನಿಂದ ವರ್ಲಿವರೆಗಿನ 7.5 ಕಿ.ಮೀ. ಕಾಲುದಾರಿಯ ಬಹುಭಾಗ 2025ರ ಆಗಸ್ಟ್‌ನಲ್ಲಿ ಜನರಿಗೆ ತೆರೆದುಕೊಂಡಿತು. ದಾರಿ ವಿಶಾಲವಾಗಿದೆ, ಗಾಳಿಯೂ ಧಾರಾಳ. ಆದರೆ ಅಲ್ಲಿಗೆ ತಲುಪಲು ಸಬ್‌ವೇಯೇ ಗತಿ. ಮೊಣಕಾಲು ನೋವಿನ ಹಿರಿಯರಿಗೆ ಆ ಸಬ್‌ವೇ ಎಷ್ಟು ದೂರ, ಮೆಟ್ಟಿಲೋ ಇಳಿಜಾರೋ, ಮಳೆಗಾಲದಲ್ಲಿ ನೀರು ನಿಲ್ಲುತ್ತದೆಯೇ ಎಂಬುದೇ ದೊಡ್ಡ ಪ್ರಶ್ನೆ.

ಇಂಗ್ಲೆಂಡಿನಲ್ಲಿ 2009ರ ಕಾಯ್ದೆಯಡಿ ಕರಾವಳಿ ಕಾಲುದಾರಿಯ ಮಾರ್ಗದ ಪ್ರಸ್ತಾವ ಪ್ರಕಟವಾದರೆ, ಅಭಿಪ್ರಾಯ ತಿಳಿಸಲು ಜನರಿಗೆ 8 ವಾರಗಳ ಅವಕಾಶವಿದೆ. ಸರಕಾರದ ತೀರ್ಮಾನ ಆ ಬಳಿಕ.

ಇದೀಗ ವರ್ಸೋವಾದಿಂದ ಭಾಯಂದರ್ ಕಡೆಗೂ ಕರಾವಳಿ ರಸ್ತೆಯ ಯೋಜನೆ ಇದೆ. ಅಂಧೇರಿ, ಮಲಾಡ್, ಬೊರಿವಲಿ, ದಹಿಸರ್‌ಗಳಲ್ಲಿ ಕನ್ನಡಿಗರ ಸಂಖ್ಯೆ ಕಡಿಮೆಯಲ್ಲ. ಆ ಭಾಗದ ಕನ್ನಡ ಸಂಘಗಳು ವಾರ್ಷಿಕೋತ್ಸವದ ನಡುವೆ ಒಂದು ಸಭೆಯನ್ನು ಇದಕ್ಕೂ ಮೀಸಲಿಟ್ಟು, ಹಿರಿಯ ನಾಗರಿಕರನ್ನು ಕೂಡಿಕೊಂಡು ಪಾಲಿಕೆಗೆ ಮನವಿ ಸಲ್ಲಿಸಬೇಕು. ಕಾಂಕ್ರೀಟ್ ಬಿದ್ದ ಮೇಲೆ ಗೊಣಗುವುದಕ್ಕಿಂತ ನಕ್ಷೆ ಇರುವಾಗಲೇ ಮಾತಾಡುವುದು ಲೇಸು.