ನಾಯಿಯೊಡನೆ ಪ್ರವಾಸ

ಡೊಂಬಿವಲಿಯಿಂದ ನಮ್ಮ ಸದಸ್ಯೆಯೊಬ್ಬರು ಬರೆದ ಕಾಗದ ಮೇಜಿನ ಮೇಲಿದೆ. ಕುಂದಾಪುರದ ಕಡೆಯ ತಮ್ಮ ಊರಿಗೆ ಅವರು ಹೋಗಿ ಮೂರು ಬೇಸಗೆ ಕಳೆದವಂತೆ. ರಜೆ ಸಿಗಲಿಲ್ಲವೆಂದಲ್ಲ, ಹಣಕ್ಕೆ ಅಡಚಣೆಯೆಂದೂ ಅಲ್ಲ, ಮನೆಯಲ್ಲೊಂದು ನಾಯಿಯಿದೆ. “ಅದನ್ನು ಎಲ್ಲಿ ಬಿಡುವುದು, ಹೇಗೆ ಒಯ್ಯುವುದು ತಿಳಿಯದೆ ಕುಳಿತಿದ್ದೇವೆ. ಅಮ್ಮನಿಗೆ ಎಂಬತ್ತೆರಡು ದಾಟಿತು. ನಾಯಿಗೆ ಪ್ರವೇಶವಿರುವ ಸ್ಥಳಗಳ ಪಟ್ಟಿಯೊಂದನ್ನು ನಿಮ್ಮ ಅಂಕಣದಲ್ಲಿ ಕೊಡಬಾರದೇ?” ಎಂದು ಕೇಳಿದ್ದಾರೆ.

ಪಟ್ಟಿ ಕೊಡುವುದೇನೋ ಸುಲಭ. ಆದರೆ ಅಂಥದೊಂದು ಪಟ್ಟಿಯನ್ನು ನಂಬಿ ನಾವೇ ಪಟ್ಟ ಪಾಡನ್ನು ಮೊದಲು ಹೇಳಿಬಿಡುತ್ತೇವೆ. ಒಂದು ಮಳೆಗಾಲದಲ್ಲಿ ನಮ್ಮ ಕರಿಯನನ್ನು ಕಟ್ಟಿಕೊಂಡು ಲೋಣಾವಳದ ಕಡೆ ಹೊರಟೆವು. ವಸತಿಗೃಹದವರು ಫೋನಿನಲ್ಲಿ “ನಾಯಿ ತಂದರೆ ಚಾಲೇಲ್” ಎಂದಿದ್ದರು. ಹೋಗಿ ನೋಡಿದರೆ ನಡೆಯುವುದು ಅಂಗಳದಲ್ಲಿ ಮಾತ್ರ. ರಾತ್ರಿ ಅದು ಜನರೇಟರಿನ ಪಕ್ಕದ ತಗಡಿನ ಮಾಡಿನ ಕೆಳಗಿರಬೇಕು! ಕರಿಯನೋ, ಗುಡುಗು ಕೇಳಿದರೆ ಮಂಚದ ಅಡಿ ಸೇರುವ ಶೂರ. ಕೊನೆಗೆ ಮನೆಯವರೆಲ್ಲ ಸರದಿಯ ಮೇಲೆ ಅದರೊಡನೆ ಕಾರಿನಲ್ಲಿ ಕುಳಿತು ಬೆಳಗು ಮಾಡಿದೆವು. ಸ್ವರ್ಗದ ಬಾಗಿಲಲ್ಲಿ ನಾಯಿಗಾಗಿ ಹಟ ಹಿಡಿದ ಧರ್ಮರಾಯನ ನೆನಪಾಯಿತು. ಆತನ ಎದುರಿಗಾದರೋ ದೇವೇಂದ್ರನೇ ಇದ್ದ. ನಮಗೆ ಸಿಕ್ಕಿದವನು ರಾತ್ರಿ ಪಾಳಿಯ ಗುಮಾಸ್ತ.

ಅಂದಿನಿಂದ “ನಾಯಿಗೆ ಪ್ರವೇಶವಿದೆಯೇ” ಎಂದು ಕೇಳುವುದನ್ನೇ ನಾವು ಬಿಟ್ಟಿದ್ದೇವೆ. ರಾತ್ರಿ ಅದು ಮಲಗುವುದು ಎಲ್ಲಿ? ನಾವು ಊಟಕ್ಕೆ ಹೋದಾಗ ಕೋಣೆಯಲ್ಲಿ ಒಂಟಿಯಾಗಿ ಬಿಡಬಹುದೇ? ಅಲ್ಲಿಯದೇ ನಾಯಿಗಳಿವೆಯೇ, ಅವನ್ನು ಕಟ್ಟಿಹಾಕುತ್ತಾರೆಯೇ? ಆವರಣಕ್ಕೆ ಗೋಡೆಯಿದೆಯೇ? ಹೆಚ್ಚಿಗೆ ಹಣವೆಷ್ಟು? ಇಷ್ಟಕ್ಕೂ ಬರಹದಲ್ಲಿ ಉತ್ತರ ಬಂದ ಮೇಲೆಯೇ ಮುಂಗಡ ಕಳಿಸುವುದು.

ಇನ್ನು ಒಂದೆರಡು ದಿನದ ಸುತ್ತಾಟದ ಮಾತು. ಬೊರಿವಲಿಯ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನಕ್ಕೆ ನಾಯಿಯನ್ನು ಒಯ್ಯುವಂತಿಲ್ಲ. ಇದರ ಬಗ್ಗೆ ಗೊಣಗುವವರಿದ್ದಾರೆ, ನಾವು ಗೊಣಗುವುದಿಲ್ಲ. ಅಲ್ಲಿಯ ಚಿರತೆಗಳಿಗೆ ನಾಯಿ ಒಂದು ಮುಖ್ಯ ಆಹಾರವೆಂಬುದು ಹಾಗಿರಲಿ, ನಾಯಿಯಿಂದ ಕಾಡಿನ ಪ್ರಾಣಿಗೂ ರೋಗ ತಗಲಬಹುದು. 2018ರಲ್ಲಿ ಗುಜರಾತಿನ ಗೀರ್ ಕಾಡಿನಲ್ಲಿ 20ಕ್ಕೂ ಹೆಚ್ಚು ಸಿಂಹಗಳು ಸತ್ತಾಗ ಪತ್ತೆಯಾದದ್ದು, ನಾಯಿಗಳಲ್ಲಿ ಸಾಮಾನ್ಯವಾಗಿ ಕಾಣುವ ಡಿಸ್ಟೆಂಪರ್ ವೈರಸ್.

ಜುಹೂ ಕಡಲತೀರಕ್ಕೆ ಬೆಳಕು ಹರಿಯುವ ಮೊದಲೇ ಹೋಗುವುದು ಲೇಸು. ಬಿಸಿಲೇರಿದ ಮರಳಿನ ಮೇಲೆ ನಾವು ಚಪ್ಪಲಿ ಮೆಟ್ಟಿ ನಡೆಯುತ್ತೇವೆ, ನಾಯಿ ಬರಿಗಾಲಿನಲ್ಲಿ ನಡೆಯುತ್ತದೆ. ಮಳೆಗಾಲದಲ್ಲಿ ಅಲ್ಲಿ ನೀಲಿ ಗುಳ್ಳೆಯಂಥ ವಿಷದ ಜೀವಿಗಳು ದಡಕ್ಕೆ ಬಂದು ಬೀಳುತ್ತವೆ. ನಾಯಿ ಮೊದಲು ಚಾಚುವುದು ಮೂಗನ್ನೇ. ಮಾಥೇರಾನ್ ನಮಗೆ ಇಷ್ಟ. ದಸ್ತೂರಿ ನಾಕಾದಿಂದ ಮುಂದೆ ಪ್ರವಾಸಿಗರ ಮೋಟಾರುಗಳಿಗೆ ಪ್ರವೇಶವಿಲ್ಲ. ಕೆಂಪು ಮಣ್ಣಿನ ದಾರಿ, ಮರದ ನೆರಳು. ಆದರೆ ಕುದುರೆಗಳೂ ಕೋತಿಗಳೂ ಇರುವ ಊರು, ಹಗ್ಗ ಕೈ ಬಿಡಕೂಡದು. ಅಲಿಬಾಗಿಗೆ ಹೋಗುವವರಿಗೆ 2020ರ ಮಾರ್ಚಿನಿಂದ ಭಾವುಚಾ ಧಕ್ಕಾದಿಂದ ಮಾಂಡ್ವಾಕ್ಕೆ ರೋ-ರೋ ಹಡಗಿದೆ. ಕಾರನ್ನೂ ಹತ್ತಿಸಬಹುದು, ನಾಯಿಯನ್ನೂ ಹತ್ತಿಸಬಹುದು. ಸುಮಾರು ಒಂದು ಗಂಟೆಯ ಪಯಣ.

ಇದೆಲ್ಲ ಹವಾ ಬದಲಾವಣೆಯ ಮಾತಾಯಿತು. ಕಾಗದ ಬರೆದವರಿಗೆ ಬೇಕಾದದ್ದು ಅಲಿಬಾಗ್ ಅಲ್ಲ, ಅಮ್ಮನ ಮನೆ.

ರೈಲ್ವೆಯ ನಿಯಮ ಹೀಗಿದೆ: ಮೊದಲ ದರ್ಜೆಯಲ್ಲಿ ಎರಡು ಬರ್ತಿನ ಕೂಪೆಯನ್ನಾಗಲಿ ನಾಲ್ಕು ಬರ್ತಿನ ಕ್ಯಾಬಿನ್ನನ್ನಾಗಲಿ ಪೂರ್ತಿಯಾಗಿ ನಿಮ್ಮವರೇ ಹಿಡಿದಿದ್ದರೆ ನಾಯಿ ನಿಮ್ಮ ಜೊತೆಗೇ ಬರಬಹುದು. ಟೂ ಟಿಯರ್, ತ್ರೀ ಟಿಯರ್, ಸ್ಲೀಪರ್ ಡಬ್ಬಿಗಳಲ್ಲಿ ಅದಕ್ಕೆ ಎಡೆಯಿಲ್ಲ. ಉಳಿದದ್ದು ಗಾರ್ಡಿನ ಡಬ್ಬಿಯಲ್ಲಿರುವ ನಾಯಿ ಪೆಟ್ಟಿಗೆ. ಮೇ ತಿಂಗಳ ಸೆಕೆಯಲ್ಲಿ ಆ ಪೆಟ್ಟಿಗೆಯೊಳಗೆ ರಾತ್ರಿ ಹಗಲು ಕಳೆಯಬೇಕಾದ ಪ್ರಾಣಿಯ ಅವಸ್ಥೆಯನ್ನು ಯೋಚಿಸಿರಿ. ನೀರು ಕುಡಿಸಲು ನೀವು ಗಾಡಿ ನಿಂತಲ್ಲೆಲ್ಲ ಕೊನೆಯ ಡಬ್ಬಿಗೆ ಓಡಬೇಕು. ನಾವಂತೂ ಇದಕ್ಕೆ ಹೂಂ ಎನ್ನಲಾರೆವು.

ಕೂಪೆಯ ದಾರಿಗೆ ಒಂದು ತೊಡಕಿದೆ. ಟಿಕೇಟು ಕೊಂಡ ಮಾತ್ರಕ್ಕೆ ಕೂಪೆ ಸಿಕ್ಕಿತೆಂದಲ್ಲ. ಅದು ಗೊತ್ತಾಗುವುದು ಚಾರ್ಟು ತಯಾರಾದಾಗ. ಆದಕಾರಣ ನಾಯಿ ಜೊತೆಗಿದೆಯೆಂದು ರೈಲ್ವೆಯ ವಾಣಿಜ್ಯ ಕಚೇರಿಗೆ ಮುಂಚಿತವಾಗಿಯೇ ಅರ್ಜಿ ಕೊಡಬೇಕು. ಹೊರಡುವ ದಿನ ಕೆಲವು ಗಂಟೆ ಮೊದಲೇ ಪಾರ್ಸೆಲ್ ಕಚೇರಿಗೆ ಹೋಗಿ ಚೀಟಿ ಮಾಡಿಸಬೇಕು. ಪಶುವೈದ್ಯರ ಹೊಸ ಪ್ರಮಾಣಪತ್ರ, ರೇಬೀಸ್ ಲಸಿಕೆಯ ಪುಸ್ತಕ ಕೈಯಲ್ಲಿರಲಿ. ಕೊಂಕಣ ಮಾರ್ಗದ ಎಲ್ಲ ಗಾಡಿಗಳಿಗೂ ಮೊದಲ ದರ್ಜೆಯ ಡಬ್ಬಿಯಿಲ್ಲ. ಕುಂದಾಪುರದವರೆಗೆ ಹೋಗುವ ಗಾಡಿಯಲ್ಲಿ ಅದು ಸಿಗದಿದ್ದರೆ, ಕೊಂಕಣಕನ್ಯಾದಲ್ಲಿ ಮಡಗಾಂವದವರೆಗೆ ಬಂದು ಅಲ್ಲಿಂದ ಬಾಡಿಗೆ ಕಾರು ಹಿಡಿಯಬಹುದು. ಖರ್ಚಿನ ದಾರಿ, ನಿಜ. ಮೂರು ವರ್ಷಕ್ಕೊಮ್ಮೆಯಾದರೂ ಮಾಡಬಹುದಾದ ಖರ್ಚು.

ಮುಂಬಯಿಯಿಂದಲೇ ಕಾರಿನಲ್ಲಿ ಹೊರಡುವವರು ದಾರಿಯಲ್ಲೊಂದು ರಾತ್ರಿ ತಂಗಲೇಬೇಕು. ಆ ತಂಗುದಾಣಕ್ಕೆ ಮೇಲಿನ ಪ್ರಶ್ನೆಗಳೆಲ್ಲ ಅನ್ವಯಿಸುತ್ತವೆ. ಹೊರಡುವ ಮೊದಲು ಹೊಟ್ಟೆತುಂಬ ಹಾಕಬೇಡಿರಿ, ಘಟ್ಟದ ತಿರುವಿನಲ್ಲಿ ಕಾರಿಕೊಳ್ಳುತ್ತದೆ. ಗಾಜು ಮುಚ್ಚಿದ ಕಾರಿನಲ್ಲಿ ಅದನ್ನು ಬಿಟ್ಟು ಊಟಕ್ಕಾಗಲಿ ದೇವರ ದರ್ಶನಕ್ಕಾಗಲಿ ಹೋಗಬೇಡಿರಿ. ಬಿಸಿಲಿನಲ್ಲಿ ನಿಂತ ಕಾರು ಕೆಲವೇ ನಿಮಿಷಗಳಲ್ಲಿ ಒಲೆಯಾಗುತ್ತದೆ. ನಾಯಿ ಅದರಲ್ಲಿ ಪ್ರಾಣ ಬಿಟ್ಟೀತು. ದೇವಸ್ಥಾನದಲ್ಲಿ ಒಬ್ಬರು ಹೊರಗೆ ನಿಲ್ಲುವುದು, ಒಬ್ಬರು ಒಳಗೆ ಹೋಗುವುದು. ಹೊರಗೆ ನಿಲ್ಲುವವರಿಗೆ ಬೇಸರವಾದರೆ ಮಂಡ್ಯ ಜಿಲ್ಲೆಯ ಆತಕೂರನ್ನು ನೆನೆಯಲಿ. ಕ್ರಿ.ಶ. 949ರ ಸುಮಾರಿಗೆ ಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ಬೇಟೆನಾಯಿಗಾಗಿ, ಅದರ ಒಡೆಯ ಮಣಲೆರ ಅಲ್ಲಿಯ ದೇವಾಲಯದ ಮುಂದೆಯೇ ಕಲ್ಲು ನಿಲ್ಲಿಸಿದ. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ.

ಊರು ಮುಟ್ಟಿದ ಮೇಲೆ ಎಲ್ಲ ಸಸೂತ್ರವೆಂದು ತಿಳಿಯಬಾರದು. ತವರುಮನೆಯನ್ನೂ ಮೊದಲೇ ಕೇಳಿಕೊಳ್ಳಬೇಕು. ನಮ್ಮ ದೊಡ್ಡಮ್ಮ ಮಡಿಯವರು. ಜಗಲಿ ದಾಟಕೂಡದು, ದೇವರ ಕೋಣೆಯ ಕಡೆ ಸುಳಿಯಕೂಡದು ಎಂದು ಫೋನಿನಲ್ಲಿಯೇ ತಾಕೀತು ಮಾಡಿದ್ದರು. ನಾವು ವಾದಿಸಲಿಲ್ಲ. ಜಗಲಿಯ ಮೂಲೆಯಲ್ಲಿ ಗೋಣಿ ಹಾಸಿದೆವು, ನಾವೂ ಅಲ್ಲಿಯೇ ಚಾಪೆ ಹಾಕಿದೆವು. ಮೂರನೆಯ ದಿನ ದೊಡ್ಡಮ್ಮ ತಾವೇ ಗಂಜಿ ತಂದಿಟ್ಟು, “ಈ ಬೊಂಬಾಯಿ ನಾಯಿಗೆ ಕನ್ನಡ ಅರ್ಥ ಆಗ್ತದಾ ಹೇಗೆ?” ಎಂದು ಕೇಳಿದರು. ಜಗಲಿ ದಾಟುವ ಅಪ್ಪಣೆ ಮಾತ್ರ ಕೊನೆಯವರೆಗೂ ಸಿಗಲಿಲ್ಲ. ತೋಟದಲ್ಲಿ ಅದನ್ನು ಹಗ್ಗವಿಲ್ಲದೆ ಬಿಡಬೇಡಿರಿ: ನೆರೆಮನೆಯ ನಾಯಿಗಳಿವೆ, ಹಾವಿದೆ, ಉಣ್ಣಿಯಂತೂ ಹೇಳಿ ಮುಗಿಯದು.

ಎಲ್ಲ ನಾಯಿಗಳನ್ನೂ ಒಯ್ಯಲೇಬೇಕೆಂದೂ ಇಲ್ಲ. ಮುದಿ ನಾಯಿಗೆ, ರೋಗದ ನಾಯಿಗೆ, ಅಪರಿಚಿತರನ್ನು ಕಂಡರೆ ನಡುಗುವ ನಾಯಿಗೆ ತನ್ನ ಮನೆಯೇ ಮೇಲು. ಅದು ಬಲ್ಲ ನೆರೆಯವರು ಬಂದು ನೋಡಿಕೊಳ್ಳುವಂತಿದ್ದರೆ ಅದಕ್ಕಿಂತ ಒಳ್ಳೆಯ ಏರ್ಪಾಡಿಲ್ಲ. ಹಣ ಕೊಟ್ಟು ಇರಿಸುವ ಜಾಗವಾದರೆ ನೀವೇ ಹೋಗಿ ನೋಡಿ, ಮೊದಲು ಒಂದು ರಾತ್ರಿ ಬಿಟ್ಟು ಪರೀಕ್ಷಿಸಿರಿ. ಯಾವುದೂ ಕೂಡಿಬರದಿದ್ದರೆ ಮನೆಯವರು ಸರದಿಯ ಮೇಲೆ ಹೋಗಿಬರಲಿ: ಮಗಳು ಈ ವಾರ, ಅಳಿಯ ಮುಂದಿನ ವಾರ.

ಡೊಂಬಿವಲಿಯ ನಮ್ಮ ಸದಸ್ಯೆ ನಾಯಿಯ ವಯಸ್ಸನ್ನು ಬರೆದಿಲ್ಲ. ಅಮ್ಮನ ವಯಸ್ಸನ್ನು ಬರೆದಿದ್ದಾರೆ. ಈ ಮೇ ತಿಂಗಳಿನಲ್ಲಿ ಅವರು ಹೊರಡಲೇಬೇಕೆಂದು ನಮ್ಮ ಆಗ್ರಹ. ಕುಂದಾಪುರದ ದಾರಿಯಲ್ಲಿ ನಾಯಿಯೊಡನೆ ತಂಗಿ ಬಂದ ಓದುಗರಿದ್ದರೆ, ಆ ಮನೆಯ ಹೆಸರನ್ನೂ ನಾಯಿ ಮಲಗಿದ ಜಾಗವನ್ನೂ ನಮಗೆ ತಿಳಿಸಬೇಕು. ಕಾಗದ ಏಪ್ರಿಲಿಗೆ ಮೊದಲು ಕೈಸೇರಿದರೆ ಅವರಿಗೆ ಉಪಯೋಗವಾದೀತು.