ಸೈಕಲ್ ಮೂಲೆ ಸೇರದಿರಲಿ



ನಿಮ್ಮ ಮನೆಯಲ್ಲಿ ಮಗಳ ಸೈಕಲ್ ಇದೆಯೇ? ಇದ್ದರೆ ಈಗ ಅದು ಎಲ್ಲಿದೆ? ಅಂಗಳದಲ್ಲಿದ್ದರೆ ಸಂತೋಷ. ಮೆಟ್ಟಿಲ ಕೆಳಗೆ ಧೂಳು ತಿನ್ನುತ್ತಿದ್ದರೆ ಈ ಸಲದ ಮಾತು ನಿಮಗಾಗಿಯೇ.

ಏಳನೇ ತರಗತಿಯ ಮಕ್ಕಳಿಗೆ ‘ನಮ್ಮ ಮನೆ’ ಎಂಬ ವಿಷಯದ ಮೇಲೆ ಹತ್ತು ವಾಕ್ಯ ಬರೆಯಲು ಹೇಳಿದ್ದೆ. ಒಬ್ಬ ಹುಡುಗಿ ಹೀಗೆ ಬರೆದಿದ್ದಳು: “ನಮ್ಮ ಮನೆಯಲ್ಲಿ ಒಂದು ಸೈಕಲ್ ಇದೆ. ಅದು ನನ್ನದಾಗಿತ್ತು. ಈಗ ಅದರ ಮೇಲೆ ಜೋಳದ ಚೀಲ ಇಡುತ್ತಾರೆ.” ‘ನನ್ನದು’ ಎಂದು ತಿದ್ದಲು ಕೆಂಪು ಪೆನ್ನು ಎತ್ತಿದೆ. ಆಮೇಲೆ ತಿಳಿಯಿತು, ಅವಳು ತಪ್ಪು ಬರೆದಿರಲಿಲ್ಲ.

ಬಾಗಲಕೋಟೆಯ ನವನಗರದಲ್ಲಿ ಅವಳ ಮನೆ. ಒಂದು ಸಂಜೆ ಅಸರ್ ನಂತರ ಹೋದೆ. ತಾಯಿ ಚಹಾ ಕೊಟ್ಟು ಪಕ್ಕದಲ್ಲಿ ಕುಳಿತರು. ಸೈಕಲ್ಲಿನ ಮಾತು ಎತ್ತಿದಾಗ, “ಆಕಿ ದೊಡ್ಡಾಕಿ ಆಗ್ಯಾಳ್ರಿ ಆಪಾ. ಒಬ್ಬಾಕಿನ್ನ ಹೊರಗ ಹೆಂಗ ಬಿಡೂದ್ರಿ? ಮಂದಿ ಏನಂದಾರು?” ಎಂದರು. ಆ ಭಯವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಹೆಣ್ಣುಮಕ್ಕಳ ತಾಯಂದಿರ ಎದೆಯಲ್ಲಿ ಈ ಭಯ ಇದ್ದೇ ಇರುತ್ತದೆ. ಆದರೆ ಅವರು ಮುಂದೆ ಹೇಳಿದ ಮಾತು ನನ್ನನ್ನು ಕಾಡಿತು. “ನಾನೂ ಏಳನೇತ್ತಕ್ಕ ಬಿಟ್ಟಾಕಿ. ಹೈಸ್ಕೂಲು ದೂರ ಇತ್ರಿ. ನಡಕೊಂಡು ಹೋಗಾಕ ಆಗಲಿಲ್ಲ, ಸೈಕಲ್ ಹೊಡಿಯಾಕ ಬರ್ತಿರಲಿಲ್ಲ.”

ಸಹೋದರಿಯರೇ, ಮೂಲೆ ಸೇರುವುದು ಬರೀ ಸೈಕಲ್ ಅಲ್ಲ. ಎಂಟನೇ ತರಗತಿಗೆ ಬಂದಾಗ ಹಲವು ಮಕ್ಕಳಿಗೆ ಶಾಲೆ ದೂರವಾಗುತ್ತದೆ. ಇದನ್ನು ಮನಗಂಡೇ ನಮ್ಮ ರಾಜ್ಯ ಸರಕಾರ 2006-07ರಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡುವ ಯೋಜನೆ ಆರಂಭಿಸಿತು. ಅದರಿಂದ ಎಷ್ಟೋ ಹೆಣ್ಣುಮಕ್ಕಳು ಹತ್ತನೆಯ ತರಗತಿ ಮುಟ್ಟಿದ್ದನ್ನು ನಾವು ಶಿಕ್ಷಕಿಯರು ಕಣ್ಣಾರೆ ಕಂಡಿದ್ದೇವೆ. ಕೊರೋನಾ ಬಂದ 2020ರಲ್ಲಿ ಆ ವಿತರಣೆ ನಿಂತಿತು. ಹೀಗಿರುವಾಗ ಮನೆಯಲ್ಲಿರುವ ಸೈಕಲ್ಲಿಗೆ, ಅದನ್ನು ಓಡಿಸಲು ಬರುವ ಮಗಳಿಗೆ ಇನ್ನೂ ಹೆಚ್ಚು ಬೆಲೆ ಬರಬೇಕಲ್ಲವೇ?

ಆ ತಾಯಿಗೆ ನಾನು ಹೇಳಿದ್ದು ಇಷ್ಟೇ: “ಒಬ್ಬಾಕಿನ್ನ ಬಿಡಬ್ಯಾಡ್ರಿ. ನೀವೆಲ್ಲಾರೂ ಕೂಡಿ ಹೋಗ್ರಿ.”

ಮುಂದಿನ ಭಾನುವಾರ ಫಜ್ರ್ ನಮಾಝ್ ಮುಗಿಸಿ ಅವರು ಹೊರಟರು. ಮುಂದೆ ತಂದೆ, ನಡುವೆ ಮಗಳು, ಅವಳ ಹಿಂದೆ ಒಂಬತ್ತು ವರ್ಷದ ತಮ್ಮ ಬಾಡಿಗೆ ಸೈಕಲ್ಲಿನ ಮೇಲೆ. ತಾಯಿಯೂ ನಾನೂ ನಡೆದುಕೊಂಡು ಹೋಗಿ ಹತ್ತಿರದ ಉದ್ಯಾನದಲ್ಲಿ ಕುಳಿತೆವು. ಚೀಲದಲ್ಲಿ ನೀರು, ಒಗ್ಗರಣೆ ಚುರುಮುರಿ, ಬಾಳೆಹಣ್ಣು.

ನವನಗರ ಹೇಗೆ ಹುಟ್ಟಿತೆಂಬುದು ನಮ್ಮ ಜಿಲ್ಲೆಯವರಿಗೆ ಗೊತ್ತು. ಹೊರಗಿನ ಓದುಗರಿಗಾಗಿ ಹೇಳುತ್ತೇನೆ. ಕೃಷ್ಣಾ ನದಿಗೆ ಆಲಮಟ್ಟಿಯಲ್ಲಿ ಅಣೆಕಟ್ಟು ಕಟ್ಟಿದಾಗ ಅದರ ಹಿನ್ನೀರು ಘಟಪ್ರಭೆಯ ಪಾತ್ರದಲ್ಲಿ ಏರಿ ಬಂದು ಹಳೆಯ ಬಾಗಲಕೋಟೆಯ ಎಷ್ಟೋ ಓಣಿಗಳನ್ನು ನುಂಗಿತು. ಮನೆ, ಅಂಗಡಿ ಕಳೆದುಕೊಂಡವರಿಗಾಗಿ ಕಟ್ಟಿದ ಊರೇ ನವನಗರ. ಅದರ ಯೋಜನೆಯಲ್ಲಿ ಹೆಸರಾಂತ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ಅವರ ಪಾತ್ರವೂ ಇತ್ತು. ಊರನ್ನು ಸೆಕ್ಟರುಗಳಾಗಿ ವಿಂಗಡಿಸಿ ಅಗಲ ರಸ್ತೆ ಬಿಟ್ಟರು, ಮನೆಗಳ ನಡುವೆ ಉದ್ಯಾನಕ್ಕೂ ಆಟಕ್ಕೂ ಜಾಗ ಇಟ್ಟರು. ಹಳೆಯ ಊರಿನ ಇಕ್ಕಟ್ಟು ಓಣಿಯಲ್ಲಿ ಇಂಥ ಜಾಗ ಎಲ್ಲಿತ್ತು?

ಆ ಹುಡುಗಿಯ ದಾದಿ ಇಂದಿಗೂ ‘ಮುಳುಗಡೆ’ ಎಂಬ ಪದ ಹೇಳುವಾಗ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾರೆ. “ಅಲ್ಲಿ ಜಾಗಾ ಇರಲಿಲ್ಲ, ಆದ್ರ ಹುಡುಗೂರು ಹೊರಗ ಇರ್ತಿದ್ವು. ಇಲ್ಲಿ ಜಾಗಾ ಐತಿ, ಹುಡುಗೂರು ಒಳಗ ಅದಾವ” ಎಂದರು ಅವರು. ಮನೆ ಮುಳುಗಿದ ದುಃಖದ ಬದಲಿಗೆ ಸಿಕ್ಕ ಬಯಲು ಇದು. ಅದನ್ನು ಬಳಸದೆ ಬಿಟ್ಟರೆ ನಷ್ಟ ಯಾರದು?

ಮಕ್ಕಳು ಒಂದು ಉದ್ಯಾನದಿಂದ ಇನ್ನೊಂದಕ್ಕೆ, ಅಲ್ಲಿಂದ ಆಟದ ಬಯಲಿಗೆ ಸುತ್ತಿದರು. ಪ್ರತಿ ನಿಲ್ದಾಣದಲ್ಲಿ ಹತ್ತು ನಿಮಿಷ ಜೋಕಾಲಿ, ಜಾರುಬಂಡೆ. ಒಂದು ಉದ್ಯಾನದ ಗೇಟಿಗೆ ಬೀಗ ಬಿದ್ದಿತ್ತು, ಇನ್ನೊಂದರಲ್ಲಿ ಜಾಲಿಮುಳ್ಳು ಬೆಳೆದಿತ್ತು. ಮುಳ್ಳಿನಿಂದ ತಮ್ಮನ ಸೈಕಲ್ ಪಂಕ್ಚರ್ ಆಯಿತು. ತಂದೆ ಬೇಸರಪಡಲಿಲ್ಲ. ದಾರಿಯ ಮೇಲಿದ್ದ ಮುಳ್ಳು, ಗಾಜಿನ ಚೂರುಗಳನ್ನು ಮಕ್ಕಳಿಂದಲೇ ಪಕ್ಕಕ್ಕೆ ಸರಿಸಿಸಿದರು. ದಾರಿಯಿಂದ ತೊಂದರೆಯ ವಸ್ತುವನ್ನು ಸರಿಸುವುದು ಈಮಾನಿನ ಒಂದು ಶಾಖೆ ಎಂದು ಪ್ರವಾದಿವರ್ಯರು(ಸ) ಕಲಿಸಿದ್ದಾರಲ್ಲವೇ? ಮದ್ರಸಾದಲ್ಲಿ ನಾನು ಹಲವು ಸಲ ಪಾಠ ಮಾಡಿದ ಹದೀಸ್ ಅದು. ಆ ದಿನ ಮಕ್ಕಳು ಅದನ್ನು ಕೈಯಿಂದ ಕಲಿತರು.

ದಾರಿಯ ಹಕ್ಕುಗಳ ಬಗ್ಗೆಯೂ ಪ್ರವಾದಿವರ್ಯರು(ಸ) ಹೇಳಿದ್ದಾರೆ. ದೃಷ್ಟಿ ತಗ್ಗಿಸುವುದು, ಯಾರಿಗೂ ತೊಂದರೆ ಕೊಡದಿರುವುದು, ಸಲಾಮಿಗೆ ಉತ್ತರಿಸುವುದು, ಒಳಿತನ್ನು ಆದೇಶಿಸಿ ಕೆಡುಕನ್ನು ತಡೆಯುವುದು. ಸೈಕಲ್ ಹತ್ತಿದ ಮಗುವಿಗೆ ಇದಕ್ಕಿಂತ ಒಳ್ಳೆಯ ಸಂಚಾರ ನಿಯಮ ಬೇಕೇ?

ಇನ್ನು, “ಹೆಣ್ಣುಮಕ್ಕಳು ಸವಾರಿ ಮಾಡುವುದು ಸರಿಯೇ ಆಪಾ?” ಎಂದು ಕೇಳುವವರಿದ್ದಾರೆ. ಪ್ರವಾದಿವರ್ಯರು(ಸ) ಕುರೈಶರ ಸ್ತ್ರೀಯರನ್ನು ಹೊಗಳಿದ ಹದೀಸ್ ಬುಖಾರಿ, ಮುಸ್ಲಿಮ್ ಎರಡರಲ್ಲೂ ಇದೆ. ಒಂಟೆ ಏರುವ ಸ್ತ್ರೀಯರಲ್ಲಿ ಅವರು ಉತ್ತಮರು, ಮಕ್ಕಳ ಮೇಲೆ ಅತಿ ಹೆಚ್ಚು ಮಮತೆ ಉಳ್ಳವರು ಎಂಬುದು ಅದರ ಸಾರ. ಒಂಟೆ ಏರುವುದೂ ಮಕ್ಕಳ ಮಮತೆಯೂ ಒಂದೇ ಮಾತಿನಲ್ಲಿ ಬಂದಿವೆ, ಗಮನಿಸಿ. ಹ. ಆಯಿಶಾ(ರ) ಅವರೊಂದಿಗೆ ಪ್ರವಾದಿವರ್ಯರು(ಸ) ಓಟದ ಪಂದ್ಯ ಮಾಡಿದ್ದೂ ನಮಗೆ ತಿಳಿದದ್ದೇ. ಉಡುಪಿನಲ್ಲಿ ಮರ್ಯಾದೆ ಇರಲಿ, ಸಮಯ ಮತ್ತು ಸ್ಥಳದ ವಿವೇಚನೆ ಇರಲಿ, ಮನೆಯವರು ಜೊತೆಗಿರಲಿ. ಇಷ್ಟಿದ್ದ ಮೇಲೆ ಸೈಕಲ್ಲಿಗೆ ನಾವಾಗಿಯೇ ಬೀಗ ಹಾಕುವುದು ಬೇಡ.

ತಮಿಳುನಾಡಿನ ಪುದುಕ್ಕೋಟ್ಟೈ ಜಿಲ್ಲೆಯಲ್ಲಿ 1990ರ ದಶಕದ ಆರಂಭದಲ್ಲಿ ಸಾಕ್ಷರತಾ ಚಳವಳಿಯ ಜೊತೆಗೆ ಮಹಿಳೆಯರಿಗೆ ಸೈಕಲ್ ಕಲಿಸಿದರು. ಒಂದು ಲಕ್ಷಕ್ಕೂ ಹೆಚ್ಚು ಗ್ರಾಮೀಣ ಮಹಿಳೆಯರು ಕಲಿತರು. ಅವರಲ್ಲಿ ನಮ್ಮ ಮುಸ್ಲಿಮ್ ಸಹೋದರಿಯರೂ ಇದ್ದರು. ಮೊದಲು ನಕ್ಕವರೇ ಆಮೇಲೆ ಸುಮ್ಮನಾದರು. ನೀರು ತರುವುದು, ಮಕ್ಕಳನ್ನು ಕರೆದೊಯ್ಯುವುದು, ಸಂತೆಗೆ ಹೋಗುವುದು, ಎಲ್ಲದಕ್ಕೂ ಸೈಕಲ್ ಬಂತು. ಅಷ್ಟು ದೂರ ಏಕೆ, ಸೈಕ್ಲಿಂಗ್ ಕ್ರೀಡೆಯಲ್ಲಿ ಹೆಸರು ಮಾಡಿದ ಹೆಣ್ಣುಮಕ್ಕಳು ನಮ್ಮ ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಮಣ್ಣಿನಲ್ಲೇ ಬೆಳೆದಿದ್ದಾರೆ.

ಆರೋಗ್ಯದ ದೃಷ್ಟಿಯಿಂದಲೂ ನೋಡಿ. 5ರಿಂದ 17 ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈ ಬೆವರುವ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮೊಬೈಲ್ ಹಿಡಿದು ಕುಳಿತ ಮಗುವನ್ನು ಬೈದರೆ ಸಾಲದು, ಮೊಬೈಲಿಗಿಂತ ಚೆಂದದ್ದನ್ನು ನಾವು ತೋರಿಸಬೇಕು.

ಹೊರಡುವ ಮುನ್ನ ಕೆಲವು ಮಾತು ನೆನಪಿರಲಿ:

ಹಿಂದಿನ ರಾತ್ರಿಯೇ ಬ್ರೇಕ್, ಗಾಳಿ, ಚೈನ್, ಬೆಲ್ ನೋಡಿಟ್ಟುಕೊಳ್ಳಿ. ಸೀಟಿನ ಮೇಲೆ ಕುಳಿತಾಗ ಮಗುವಿನ ಪಾದ ನೆಲಕ್ಕೆ ತಾಗಬೇಕು.

ಚೈನ್ ಕವರ್ ಇಲ್ಲದ ಸೈಕಲ್ ಹೆಣ್ಣುಮಕ್ಕಳಿಗೆ ಬೇಡ. ದುಪಟ್ಟಾವನ್ನು ಪಿನ್ನು ಹಾಕಿ ಬಿಗಿ ಮಾಡಿ. ಬುರ್ಖಾದ ಅಂಚು ಚಕ್ರಕ್ಕೆ ಸಿಕ್ಕಿ ಬಿದ್ದವರನ್ನು ಕಂಡಿದ್ದೇನೆ. ಅಗಲ ಪೈಜಾಮ, ಮೊಣಕಾಲಿನ ಕೆಳಗೆ ಬರುವ ಸಡಿಲ ಕುರ್ತಾ, ಬಿಗಿಯಾಗಿ ಕಟ್ಟಿದ ಸ್ಕಾರ್ಫ್ ಅನುಕೂಲ. ಪೈಜಾಮದ ಅಂಚಿಗೆ ರಬ್ಬರ್ ಬ್ಯಾಂಡ್ ಹಾಕಿ. ತಲೆಗೆ ಹೆಲ್ಮೆಟ್ ಇದ್ದರೆ ಇನ್ನೂ ಒಳ್ಳೆಯದು.

ಒಬ್ಬ ದೊಡ್ಡವರು ಮುಂದೆ, ಸಾಧ್ಯವಾದರೆ ಇನ್ನೊಬ್ಬರು ಹಿಂದೆ, ಮಕ್ಕಳು ನಡುವೆ. ರಸ್ತೆಯ ಎಡಬದಿ ಬಿಡಬಾರದು. ದೊಡ್ಡ ರಸ್ತೆ ದಾಟುವಾಗ ಎಲ್ಲರೂ ಇಳಿದು ಸೈಕಲ್ ತಳ್ಳಿಕೊಂಡೇ ದಾಟಬೇಕು.

ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕಡೆ ಬಿಸಿಲು 40 ಡಿಗ್ರಿ ಮುಟ್ಟುತ್ತದೆ. ಫಜ್ರ್ ನಂತರ ಹೊರಟು ಎಂಟರೊಳಗೆ ಮನೆ ಸೇರಿ. ಚಳಿಗಾಲದಲ್ಲಿ ಅಸರ್ ನಂತರ ಹೋಗಿ ಮಗ್ರಿಬ್‌ಗೆ ಮೊದಲು ಬರಬಹುದು. ಸವಾರಿಯ ದುಆ ಹೇಳಿ ಏರುವುದನ್ನು ಮಕ್ಕಳಿಗೆ ರೂಢಿ ಮಾಡಿಸಿ.

ಇಳಕಲ್, ಹುನಗುಂದದ ಸಹೋದರಿಯರು, “ನಮ್ಮಲ್ಲಿ ನವನಗರದಂಥ ರಸ್ತೆ ಎಲ್ಲಿವೆ?” ಎನ್ನಬಹುದು. ಮಗ್ಗದ ಸದ್ದಿನ ಓಣಿಗಳಲ್ಲಿ ಜಾಗ ಕಡಿಮೆ, ನಿಜ. ಆದರೆ ರಜೆಯ ದಿನ ಶಾಲೆಯ ಬಯಲು ಖಾಲಿ ಇರುತ್ತದೆ. ಮುಖ್ಯೋಪಾಧ್ಯಾಯರನ್ನು ಕೇಳಿ ನಾಲ್ಕು ಮನೆಯವರು ಕೂಡಿ ಹೋಗಿ. ಸೊಲ್ಲಾಪುರ-ಚಿತ್ರದುರ್ಗ ಹೆದ್ದಾರಿಗೆ ಮಾತ್ರ ಮಕ್ಕಳನ್ನು ಇಳಿಸಬೇಡಿ, ಅಲ್ಲಿ ಲಾರಿಗಳದೇ ರಾಜ್ಯ. ಬಾದಾಮಿಯವರು ಬೆಳಿಗ್ಗೆ ಜನ ಸೇರುವ ಮುನ್ನ ಅಗಸ್ತ್ಯ ತೀರ್ಥದ ಕಡೆ ಹೋಗಬಹುದು. ಕೆಂಪು ಬಂಡೆಗಳ ನಡುವೆ ಆ ನೀರನ್ನು ನೋಡುವುದೇ ಒಂದು ಸುಖ. ಬುತ್ತಿಯ ಚೀಲ ಮಾತ್ರ ಬಿಗಿಯಾಗಿ ಕಟ್ಟಿಕೊಳ್ಳಿ, ಅಲ್ಲಿಯ ಮಂಗಗಳು ಮೊದಲು ಅದನ್ನೇ ನೋಡುತ್ತವೆ. ಕೆರೆಯ ಅಂಚಿಗೆ ಮಕ್ಕಳನ್ನು ಬಿಡಬೇಡಿ.

ಬೀಗ ಬಿದ್ದ ಉದ್ಯಾನ ಕಂಡರೆ ಗೊಣಗುತ್ತ ಹಿಂದಿರುಗಬೇಡಿ. ಅಂದು ಉದ್ಯಾನದಲ್ಲಿ ಸಿಕ್ಕ ಏಳು ಮಂದಿ ತಾಯಂದಿರು, ಹಿಂದೂ ಸಹೋದರಿಯರೂ ಸೇರಿ, ಒಂದು ಅರ್ಜಿ ಬರೆದು ಸಹಿ ಮಾಡಿದೆವು. ಮುಳ್ಳು ಕಡಿಸಿದ್ದಾರೆ. ಬೀಗ ಇನ್ನೂ ತೆಗೆದಿಲ್ಲ. ಮತ್ತೊಮ್ಮೆ ಬರೆಯುತ್ತೇವೆ.

ಆ ಹುಡುಗಿ ಈಗ ಪ್ರತಿ ಭಾನುವಾರ ತಂದೆಯೊಂದಿಗೆ ಹೋಗುತ್ತಾಳೆ. ಮುಂದಿನ ವರ್ಷ ಹೈಸ್ಕೂಲಿಗೆ ಸೈಕಲ್ಲಿನಲ್ಲೇ ಕಳಿಸುವುದಾಗಿ ತಂದೆ ಮಾತು ಕೊಟ್ಟಿದ್ದಾರೆ. ಓಣಿಯ ಇನ್ನಿಬ್ಬರು ಹುಡುಗಿಯರು ಜೊತೆಗೆ ಹೋಗುತ್ತಾರಂತೆ. ಜೋಳದ ಚೀಲಕ್ಕೆ ಬೇರೆ ಮೂಲೆ ಸಿಕ್ಕಿದೆ.

ಕಳೆದ ವಾರ ಆಟದ ಬಯಲಿನಲ್ಲಿ ಯಾರೂ ಇಲ್ಲದ ಹೊತ್ತು. ತಾಯಿ ಮಗಳ ಸೈಕಲ್ಲಿನ ಹ್ಯಾಂಡಲ್ ಹಿಡಿದು ನಿಂತು ನನ್ನನ್ನು ಕೇಳಿದರು: “ಆಪಾ, ಈ ವಯಸ್ಸಿನಾಗ ಕಲಿಯಾಕ ಬರ್ತದೇನ್ರಿ?” ನಾನು ಉತ್ತರಿಸುವ ಮೊದಲೇ ಮಗಳು ಓಡಿ ಬಂದು ಹಿಂದಿನ ಕ್ಯಾರಿಯರ್ ಗಟ್ಟಿಯಾಗಿ ಹಿಡಿದಳು. “ಹತ್ತಮ್ಮೀ, ನಾ ಹಿಡಿದೀನಿ” ಎಂದಳು.

ನಮ್ಮ ಮಕ್ಕಳ ಬಾಲ್ಯವನ್ನು ಸಂತೋಷದಿಂದಲೂ ಅವರ ದಾರಿಯನ್ನು ಸುರಕ್ಷೆಯಿಂದಲೂ ಅಲ್ಲಾಹನು ತುಂಬಲಿ. ಈ ಭಾನುವಾರ ಅವರಿಗೆ ಒಂದು ಗಂಟೆ ಕೊಡುವ ತೌಫೀಕನ್ನು ನಮಗೂ ನಮ್ಮ ಮನೆಯ ಗಂಡಸರಿಗೂ ದಯಪಾಲಿಸಲಿ. ಆಮೀನ್.