ಬೀರುವಿನಲ್ಲಿ ಸಿಕ್ಕ ಷೇರುಪತ್ರ

ಷೇರು ಕೊಳ್ಳಲು ಈಗ ಮೊಬೈಲಿನಲ್ಲಿ ನಾಲ್ಕು ಸಲ ಬೆರಳೊತ್ತಿದರೆ ಸಾಕು, ಮಾರನೆಯ ವಹಿವಾಟಿನ ದಿನವೇ ಡಿಮ್ಯಾಟ್ ಖಾತೆಗೆ ಬಂದು ಬೀಳುತ್ತದೆ. ಕಷ್ಟವಿರುವುದು ಕೊಂಡದ್ದನ್ನು ನೋಡಿಕೊಳ್ಳುವುದರಲ್ಲಿ. 1993ರಲ್ಲಿ ಇನ್ಫೊಸಿಸ್ ಷೇರೊಂದಕ್ಕೆ 95 ರೂಪಾಯಿಯಂತೆ ಸಾರ್ವಜನಿಕರ ಮುಂದೆ ಬಂದಾಗ ಕೊಳ್ಳುವವರೇ ಸಾಲಲಿಲ್ಲವಂತೆ. ಅಂದು ಕೈಬಿಟ್ಟೆವಲ್ಲ ಎಂದು ಕೊರಗುವವರು ಬೆಂಗಳೂರಿನಲ್ಲಿ ಇಂದಿಗೂ ಸಿಗುತ್ತಾರೆ. ನನಗೆ ಅವರಿಗಿಂತ ಹೆಚ್ಚು ಮರುಕ, ಆ ಕಾಲದಲ್ಲಿ ಯಾವುದೋ ಕಂಪನಿಯ ಷೇರು ಕೊಂಡು ಮರೆತವರ ಮನೆಮಂದಿಯ ಮೇಲೆ. ಅಪ್ಪ ತೀರಿಕೊಂಡ ಮೇಲೆ ಬೀರು ತೆಗೆದರೆ ಎಲ್‌ಐಸಿ ಬಾಂಡಿನ ಅಡಿಯಲ್ಲಿ, ಮಡಿಕೆಯ ಗೆರೆಯಲ್ಲೇ ಹರಿಯಲು ಬಂದ ಷೇರುಪತ್ರ. ಇನಿಷಿಯಲ್ ಆಧಾರ್‌ನಲ್ಲಿ ಒಂದು, ಇದರಲ್ಲಿ ಇನ್ನೊಂದು. ವಿಳಾಸ ಎಂದೋ ಖಾಲಿ ಮಾಡಿದ ಬಾಡಿಗೆ ಮನೆಯದು. 2019ರ ಏಪ್ರಿಲ್‌ನಿಂದ ಕಾಗದದ ಷೇರನ್ನು ಹಾಗೇ ಮಾರುವಂತಿಲ್ಲ, ಡಿಮ್ಯಾಟ್ ಮಾಡಿಸಲೇಬೇಕು. ಸತತ ಏಳು ವರ್ಷ ಡಿವಿಡೆಂಡ್ ಪಡೆಯದೆ ಬಿಟ್ಟಿದ್ದರೆ ಷೇರೇ ಕೇಂದ್ರ ಸರ್ಕಾರದ ಐಇಪಿಎಫ್ ಎಂಬ ಹೂಡಿಕೆದಾರರ ನಿಧಿಗೆ ಹೋಗಿರುತ್ತದೆ. ಅಲ್ಲಿಂದ ವಾಪಸ್ ಪಡೆಯಬಹುದು, ಸುಳ್ಳಲ್ಲ. ಆದರೆ ಐಇಪಿಎಫ್-5 ಅರ್ಜಿ, ವಾರಸುದಾರಿಕೆಯ ದಾಖಲೆ, ಛಾಪಾ ಕಾಗದದ ಮೇಲೆ ಇಂಡೆಮ್ನಿಟಿ ಬಾಂಡ್, ಮಿಕ್ಕ ಅಣ್ಣತಮ್ಮಂದಿರ ಒಪ್ಪಿಗೆ (ಅವರು ಮಾತಾಡುವ ಸ್ಥಿತಿಯಲ್ಲಿದ್ದರೆ ಪುಣ್ಯ) ಎಂದು ಚಪ್ಪಲಿ ಸವೆಯುತ್ತದೆ. ಮೊಬೈಲಿನಲ್ಲಿ ಕೊಳ್ಳುವ ಈಗಿನ ಹುಡುಗರದು ಇನ್ನೂ ಒಂದು ಕೈ ಮೇಲು: ಬೀರುವಿನಲ್ಲಿ ಸಿಗಲು ಕಾಗದವೂ ಇಲ್ಲ, ಖಾತೆ ಯಾವ ಬ್ರೋಕರ್ ಬಳಿ ಇದೆಯೆಂದು ಮನೆಯಲ್ಲಿ ಯಾರಿಗೂ ತಿಳಿದಿಲ್ಲ, ನಾಮಿನಿ ಕೇಳಿದ ಕಡೆ ‘ಬೇಡ’ ಎಂದು ಒತ್ತಿ ಮುಂದೆ ಹೋಗಿರುತ್ತಾರೆ.